ಅಜ್ಜಿಯ ಅಂಗೈಗೆ ಕೇಳಿಸಿದ್ದು

ಯುಗಾದಿಯ ಬೆಳಿಗ್ಗೆ ನಮಸ್ಕರಿಸಲು ಬಗ್ಗಿದ ನನ್ನ ಗಂಡನನ್ನು ಅವರ ತೊಂಬತ್ತೇಳರ ಅಜ್ಜಿ ಎಬ್ಬಿಸಿ ತಬ್ಬಿಕೊಂಡರು. ಆಶೀರ್ವಾದ ಅರ್ಧಕ್ಕೇ ನಿಂತಿತು. ಗಂಡನ ಎದೆಯ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಏನನ್ನೋ ಆಲಿಸತೊಡಗಿದರು.

“ನಿಮ್ಮ ತಾತಂದೂ ಹೀಗೇ ಎಡವ್ತಿತ್ತು ಮಗೂ, ನಿಮ್ಮಪ್ಪಂದೂ. ಇವತ್ತೇ ಡಾಕ್ಟರ್ ಹತ್ರ ಹೋಗು.”

ಆ ಇಬ್ಬರೂ ಐವತ್ತು ದಾಟುವ ಮೊದಲೇ ಹೃದಯಾಘಾತದಿಂದ ತೀರಿಕೊಂಡವರು.

ರಿಸೆಷನ್‌ನಲ್ಲಿ ಇಲ್ಲಿ ಅಮೆರಿಕದ ಆಬರ್ನ್ ಹಿಲ್ಸ್‌ನ ಕೆಲಸ ಕಳೆದುಕೊಂಡಿದ್ದ ಗಂಡ, “ಬರೀ ಟೆನ್ಶನ್ ಅಜ್ಜಿ” ಎಂದು ನಕ್ಕರು. ಆ ಕೆಲಸದ ಜೊತೆ ಬಂದಿದ್ದ ಇನ್ಶೂರೆನ್ಸ್ ಇನ್ನೇನು ಮುಗಿಯುವುದರಲ್ಲಿತ್ತು. ನಾನೇ ಡ್ರೈವ್ ಮಾಡಿ ಕರೆದೊಯ್ದೆ. ಆಸ್ಪತ್ರೆಯವರು ಮನೆಗೆ ಕಳಿಸಲಿಲ್ಲ. ಮರುದಿನವೇ ಆಪರೇಷನ್ ಆಯಿತು.

ಗಂಡ ಈಗ ಚೆನ್ನಾಗಿದ್ದಾರೆ. ಆದರೆ ಅಜ್ಜಿ ನನ್ನ ಮಗಳನ್ನು ಅಪ್ಪಿಕೊಂಡಾಗಲೆಲ್ಲ ನಾನು ಅಜ್ಜಿಯ ಮುಖವನ್ನೇ ನೋಡುತ್ತಾ ನಿಲ್ಲುತ್ತೇನೆ. ಅವರು ನಗುವವರೆಗೂ ನಾನು ಉಸಿರು ಬಿಡುವುದಿಲ್ಲ.