ಅಟ್ಟದ ಮೇಲಿನ ಹಾಲಿನ ಪುಡಿ

ತಾರೀಕಕ್ಕ ಕೂತಿದ್ದನ್ನು ಕಂಡವರಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಗಂಡ ರೇಗಿಸುತ್ತಾನೆ. ಔಷಧಿ ಕಾರ್ಖಾನೆಯ ಉಗ್ರಾಣವನ್ನು ಮೂವತ್ತನಾಲ್ಕು ವರ್ಷ ನೋಡಿಕೊಂಡು ನಿವೃತ್ತಳಾದ ಮೇಲೆ ಒಂದು ವಾರ ಮನೆಯಲ್ಲಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಡಬ್ಬಿಗಳನ್ನು ನಾಲ್ಕು ಸಲ ಜೋಡಿಸಿದಳು. ಎಂಟನೆಯ ದಿನ ಗಂಡನೇ ಕೈಮುಗಿದು, "ಎಲ್ಲಾದ್ರೂ ಹೋಗು ಮಾರಾಯ್ತಿ, ಉಪ್ಪು ಎಲ್ಲಿದೆ ಅಂತ ನನಗೇ ಗೊತ್ತಾಗ್ತಿಲ್ಲ" ಎಂದ.

ಹೋದದ್ದು ಹಳೆಯ ಮುದ್ರಣಾಲಯದ ಹಿಂದಿನ ಎರಡು ಕೋಣೆಗಳ ಆಹಾರ ಬ್ಯಾಂಕಿಗೆ. ಜನ ಕೊಟ್ಟ ಅಕ್ಕಿ, ಬೇಳೆ, ಎಣ್ಣೆ, ಡಬ್ಬಿಗಳನ್ನು ಅಲ್ಲಿ ಕೂಡಿಟ್ಟು ಪ್ರತಿ ಗುರುವಾರ ಅರವತ್ತೆರಡು ಮನೆಗಳಿಗೆ ಚೀಲ ತುಂಬಿ ಕೊಡುತ್ತಾರೆ. ಏನೇ ಬರಲಿ, ಆಕೆ ಮೊದಲು ಹುಡುಕುವುದು ಅದರ ಮೇಲಿನ ತಾರೀಕು. ದಿನ ಮೀರಿದ್ದು ಚೀಲಕ್ಕೆ ಹೋಗಕೂಡದು. ಹೆಸರು ಹಾಗೇ ಅಂಟಿಕೊಂಡಿತು.

ಊರಿನವರು ಕೆಟ್ಟವರೇನಲ್ಲ. ಆದರೆ ಅವರ ಕರುಣೆಗೆ ಒಂದೇ ತಿಂಗಳು. ವರ್ಷದ ಕೊನೆ ಬಂತೆಂದರೆ ಶಾಲೆ, ಕಚೇರಿ, ಕ್ಲಬ್ಬು ಎಲ್ಲಕ್ಕೂ ದಾನದ ಜ್ವರ. ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜ್ವರ ಇಳಿಯಿತೋ, ಕಪಾಟೂ ಬರಿದು. ಹೊಟ್ಟೆಗೆ ಮಾತ್ರ ರಜೆ ಇಲ್ಲ. ಹೋದ ಜುಲೈಯಲ್ಲಿ ಅರ್ಧರ್ಧ ಚೀಲ ಕೊಡಬೇಕಾಗಿ ಬಂದಾಗ ತಾರೀಕಕ್ಕ ಜನರ ಮುಖ ನೋಡಲಾರದೆ ಕಪಾಟಿನ ಹಿಂದೆ ಹೋಗಿ ನಿಂತಿದ್ದಳು. ಆ ನಾಚಿಕೆ ಆಕೆಯನ್ನು ನಿದ್ದೆ ಮಾಡಲು ಬಿಡಲಿಲ್ಲ.

ಅದಕ್ಕೇ ಈ ಸಲ ಜನವರಿಯಲ್ಲಿ, ಉಳಿದವರು ಚಹಾಕ್ಕೆ ಹೋದಾಗ, ಹಾಲಿನ ಪುಡಿಯ ಎರಡು ಪೆಟ್ಟಿಗೆಗಳನ್ನು ಏದುಸಿರು ಬಿಡುತ್ತ ಅಟ್ಟಕ್ಕೇರಿಸಿ ಮುರುಕು ಕುರ್ಚಿಗಳ ಹಿಂದೆ ಅಡಗಿಸಿದಳು. ಒಟ್ಟು ನಲವತ್ತೆಂಟು ಡಬ್ಬಿ. ಪೆಟ್ಟಿಗೆಯ ಮೈಮೇಲೆ ಮುಂದಿನ ವರ್ಷದ ತಾರೀಕು ದಪ್ಪಕ್ಷರದಲ್ಲಿತ್ತು. ಅಟ್ಟಕ್ಕೆ ಬೀಗ ಹಾಕಿ ಕೀಲಿಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಏಪ್ರಿಲ್‌ನಲ್ಲಿ ಇಸ್ತ್ರಿಯವಳು ಕೇಳಿದಳು. ಮನೆಮನೆಯಿಂದ ಬಟ್ಟೆ ತಂದು ತನ್ನ ಪುಟ್ಟ ಅಂಗಡಿಯಲ್ಲಿ ಇಸ್ತ್ರಿ ಮಾಡಿ ಮುಟ್ಟಿಸುವ ಹೆಂಗಸು. ಮಗಳು ಕೆಲಸಕ್ಕೆ ಹೋದಾಗ ಮೊಮ್ಮಗುವೂ ಇವಳ ಕಂಕುಳಲ್ಲೇ. "ಅಕ್ಕಾ, ಒಂದು ಡಬ್ಬಿ ಹಾಲಿನ ಪುಡಿ ಸಿಕ್ಕೀತಾ?"

"ಖಾಲಿ ಆಗಿದೆಯಮ್ಮ. ಜುಲೈಯಲ್ಲಿ ಬಾ, ಖಂಡಿತ ಕೊಡ್ತೀನಿ." ಹೇಳುವಾಗ ಕೀಲಿಕೈ ಎದೆಗೆ ಚುಚ್ಚಿತು. ಒಳ್ಳೆಯದಕ್ಕೇ ಎಂದು ಆಕೆ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ಜುಲೈ ಬಂತು. ಬುಧವಾರ ಬೆಳಿಗ್ಗೆ ಗಂಡನನ್ನು ಏಣಿ ಹಿಡಿಯಲು ನಿಲ್ಲಿಸಿ ಹತ್ತಿದಳು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಹಸಿರು, ನೀಲಿ, ಕೆಂಪು, ಒಂದೊಂದು ಡಬ್ಬಿ ಒಂದೊಂದು ಬಗೆ. ಕಾರ್ಖಾನೆಯಲ್ಲಿ ಪೆಟ್ಟಿಗೆಯ ಮೇಲೆ ಬರೆದದ್ದೇ ಒಳಗಿರುತ್ತಿತ್ತು. ಆ ನಂಬಿಕೆಯಲ್ಲೇ ಮೂವತ್ತನಾಲ್ಕು ವರ್ಷ ಕಳೆದವಳು. ಇಲ್ಲಿ ಯಾರೋ ಹತ್ತಾರು ಮನೆಯ ಡಬ್ಬಿಗಳನ್ನು ಅಂಗಡಿಯ ಖಾಲಿ ಪೆಟ್ಟಿಗೆಗೆ ತುರುಕಿ ತಂದುಕೊಟ್ಟಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ಓದಿದಳು. ಮೇ, ಜೂನ್, ಮೇ, ಮತ್ತೆ ಮೇ. ಮೂರಕ್ಕೆ ಮಾತ್ರ ದಿನ ಉಳಿದಿತ್ತು. ಏಪ್ರಿಲ್‌ನಲ್ಲಿ ನಲವತ್ತೆಂಟೂ ಚೆನ್ನಾಗಿದ್ದವು.

"ಒಂದೆರಡು ತಿಂಗಳಿಗೆ ಏನಾಗತ್ತೆ? ಕೊಟ್ಟುಬಿಡು, ಯಾರು ನೋಡ್ತಾರೆ" ಎಂದ ಗಂಡ.

"ನಮ್ಮ ಮೊಮ್ಮಗೂಗೆ ಕುಡಿಸ್ತೀಯಾ?"

ಅವನು ಆಕೆಯ ಕೈಯಿಂದ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿಕೊಂಡ. ಆಮೇಲೆ, "ದೇವರು ಕೊಟ್ರೂ ಪೂಜಾರಿ ಕೊಡಲಿಲ್ಲ ಅಂದ ಹಾಗಾಯ್ತು ನಿನ್ನ ಕಥೆ" ಎಂದ. ತಮಾಷೆಗೆ ಅಂದದ್ದು. ಆಕೆಗೆ ಅಳು ಬಂತು.

ಅಳುತ್ತ ಕೂರುವ ಜಾಯಮಾನವಲ್ಲ. ಚೀಲ ಹಿಡಿದು ಬೀದಿಗಿಳಿದಳು. ಮೊದಲನೆಯ ಮನೆಯಲ್ಲೇ, "ಈಗ್ಯಾಕಮ್ಮ? ವರ್ಷದ ಕೊನೆಗೆ ಕೊಡ್ತೀವಲ್ಲ" ಎಂದರು.

"ನೀವು ವರ್ಷದ ಕೊನೆಗೆ ಮಾತ್ರ ಊಟ ಮಾಡ್ತೀರಾ?"

ಬಾಗಿಲು ಮುಚ್ಚಿತು. ಮುಂದಿನ ಮನೆಗಳಲ್ಲಿ ನಾಲಿಗೆ ಬಿಗಿಹಿಡಿದಳು. ಮೆಟ್ಟಿಲು ಹತ್ತಿ ಇಳಿದು ಮಂಡಿ ಊದಿತು. ಸಂಜೆಗೆ ಸಿಕ್ಕಿದ್ದು ಒಂಬತ್ತು ಡಬ್ಬಿ. ಅಟ್ಟದ ಮೂರು ಸೇರಿ ಹನ್ನೆರಡು. ಚಿಕ್ಕ ಮಕ್ಕಳಿರುವ ಮನೆಗಳೇ ಹತ್ತೊಂಬತ್ತು.

ಗುರುವಾರ ಸಾಲಿನಲ್ಲಿ ಇಸ್ತ್ರಿಯವಳು ಬಂದಳು, ಕಂಕುಳಲ್ಲಿ ಮಗು. ತಾರೀಕಕ್ಕ ಒಂದು ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಸುಮ್ಮನಿರುವುದು ಆಕೆಗೆ ಎಂದೂ ಒಗ್ಗಿಲ್ಲ.

"ನೋಡು, ಅವತ್ತೂ ಇತ್ತು. ನಲವತ್ತೆಂಟಿತ್ತು. ಇದ್ದೂ ಇಲ್ಲ ಅಂದೆ. ಈಗ ಎಲ್ಲಾ ಹಾಳಾಗಿ ಕೂತಿದೆ."

"ಗೊತ್ತಿತ್ತಕ್ಕಾ" ಎಂದಳು ಇಸ್ತ್ರಿಯವಳು. "ಜನವರಿಯಲ್ಲಿ ನಿಮ್ಮನೆಗೆ ಇಸ್ತ್ರಿ ಬಟ್ಟೆ ಕೊಡೋಕೆ ಬಂದಾಗ ನಿಮ್ಮ ತೋಳೆಲ್ಲಾ ಅಟ್ಟದ ಧೂಳು. ಕೊರಳಲ್ಲಿ ಹೊಸ ಕೀಲಿಕೈ ಬೇರೆ. ಬಚ್ಚಿಟ್ಟಿದ್ದು ತಪ್ಪು ಅಂತ ನಾನನ್ನಲ್ಲ. ನಾನೂ ಮನೇಲಿ ಬಚ್ಚಿಡ್ತೀನಿ, ನಾಳೆಗೆ ಬೇಕಲ್ಲ. ಆದ್ರೆ ನಾನು ದಿನಾ ತೆಗೆದು ನೋಡ್ತೀನಿ."

ಸಾಲು ಕಾಯುತ್ತಿತ್ತು. ತಾರೀಕಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಚೀಲ ತುಂಬುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು.

"ನೀನು ದಿನಕ್ಕೆ ಎಷ್ಟು ಮನೆಗೆ ಹೋಗ್ತೀಯಾ?" ಎಂದು ಕೇಳಿದಳು ಕೊನೆಗೆ.

"ನಲವತ್ತು ನಲವತ್ತೈದು. ಯಾಕೆ?"

"ಬಾಗಿಲು ತೆಗೀತಾರಾ?"

"ಬಟ್ಟೆ ಬೇಡ್ವಾ ಅವರಿಗೆ? ತೆಗೆದೇ ತೆಗೀತಾರೆ." ಅಷ್ಟು ಹೇಳಿ ಇಸ್ತ್ರಿಯವಳು ನಕ್ಕಳು. ವಿಷಯ ಅರ್ಥವಾಗಿತ್ತು.

ಈಗ ಮಡಿಸಿದ ಬಟ್ಟೆ ಒಳಗೆ ಹೋದ ಮನೆಗಳಿಂದ ವಾರಕ್ಕೊಂದು ಬೇಳೆಯದೋ ಹಾಲಿನ ಪುಡಿಯದೋ ಪೊಟ್ಟಣ ಇಸ್ತ್ರಿಯವಳ ಕೈಯಲ್ಲಿ ಹೊರಗೆ ಬರುತ್ತದೆ, ಕೆಲವು ಮನೆಗಳಿಂದ ಬರಿಯ ಗೊಣಗಾಟವೂ. ಮಿಕ್ಕಿದ್ದು ಅಟ್ಟಕ್ಕೇ ಹೋಗುತ್ತದೆ. ತಾರೀಕಕ್ಕ ಸೋಮವಾರ ಸೋಮವಾರ ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿ ಪ್ರತಿ ಡಬ್ಬಿಯನ್ನೂ ಓದುತ್ತಾಳೆ. ಅದಕ್ಕೆ ಮೊದಲು ಎರಡು ಬೀದಿ ನಡೆದು ಇಸ್ತ್ರಿಯವಳ ಅಂಗಡಿಗೆ ಹೋಗಬೇಕು, ಅಟ್ಟದ ಕೀಲಿಕೈ ಈಗ ಇರುವುದು ಅಲ್ಲಿ.