ಸುರ್ರಪ್ಪನ ಮುಂದಿನ ಹಲ್ಲು

ಚಹಾ ಕಂಪನಿಯಲ್ಲಿ ರುಚಿ ನೋಡುವ ಕೆಲಸ ಅಂದರೆ ಕಾಲ ಮೇಲೆ ಕಾಲು ಹಾಕಿಕೊಂಡು ಕುಡಿಯೋದಲ್ಲ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಒಂದೊಂದರಿಂದಲೂ ಚಮಚದಲ್ಲಿ ಹಾಲಿಲ್ಲದ ಕಡು ಚಹಾ ಎತ್ತಿ, ಗಾಳಿ ಸಮೇತ ಸುರ್ರನೆ ಎಳೆದು, ಬಾಯೆಲ್ಲ ಆಡಿಸಿ, ಉಗಿದು ಮುಂದಕ್ಕೆ ಹೋಗಬೇಕು. ನಮ್ಮವನು ಆ ಸದ್ದಿನಲ್ಲಿ ಎತ್ತಿದ ಕೈ. ಅದಕ್ಕೇ ಆಫೀಸಿನವರು ಅವನಿಗೆ ಸುರ್ರಪ್ಪ ಅಂತ ಹೆಸರಿಟ್ಟಿದ್ದರು.

ನಾಲಿಗೆಗೆ ಹೆಸರು ಬಂತು, ಹಲ್ಲಿಗೆ ಬಣ್ಣ ಬಂತು. ಅದೂ ಎಂಥ ಬಣ್ಣ, ಹಳೇ ಕೆಟಲಿನ ಒಳಮೈ! ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಮನೆಯ ಒಂದು ಫೋಟೋದಲ್ಲೂ ಅವನು ನಕ್ಕಿರಲಿಲ್ಲ.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಅವಳದು ಒಂದೇ ಹಟ. "ಅಪ್ಪಾ, ನಂಗೆ ಬೇರೇನೂ ಬೇಡ. ಫೋಟೋದಲ್ಲಿ ನೀನು ನಗಬೇಕು. ಕೈ ಅಡ್ಡ ಇಡಬಾರದು."

ಪಾಪ, ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು. ಮಗಳಿಗೆ ಇಲ್ಲ ಅನ್ನೋಕಾಗಲ್ಲ, ನಗೋಕೂ ಆಗಲ್ಲ. ನಿಂಬೆಹೋಳಿಗೆ ಉಪ್ಪು ಹಚ್ಚಿ ದಿನಾ ಹಲ್ಲು ತಿಕ್ಕಿದ. ಬೆಳ್ಳಗಾಗೋದು ಅತ್ತ ಇರಲಿ, ಬಿಸಿ ಚಹಾ ತಾಗಿದರೆ ಹಲ್ಲು ಜುಮ್ಮೆನ್ನತೊಡಗಿತು. ಹೆಂಡತಿ ಎಳೆದುಕೊಂಡು ಹೋಗಿ ಹಲ್ಲಿನ ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ನಿಂಬೆ ಹುಳಿ ಹಲ್ಲಿನ ಹೊರಪದರಾನೇ ತಿಂದುಹಾಕುತ್ತೆ, ಇವತ್ತೇ ಬಿಡಿ," ಅಂದರು ಡಾಕ್ಟರಮ್ಮ. "ಚಹಾದ ಕಲೆ ಮೇಲುಮೇಲಿಂದು, ಕ್ಲೀನ್ ಮಾಡ್ತೀನಿ. ಆದ್ರೆ ಮುಂದಿನ ಈ ಒಂದು ಹಲ್ಲಿನ ಬಣ್ಣ ಒಳಗಿಂದು, ಪೂರ್ತಿ ಬೆಳ್ಳಗಾಗಲ್ಲ. ಇನ್ಮೇಲೆ ಚಹಾ ಆದ ಕೂಡ್ಲೇ ನೀರಲ್ಲಿ ಬಾಯಿ ಮುಕ್ಕಳಿಸಿ. ಕೋಲಾ, ಜ್ಯೂಸು ಕುಡಿಯೋವಾಗ ಸ್ಟ್ರಾ ಹಾಕ್ಕೊಳ್ಳಿ."

ನಮ್ಮ ಮಹಾಶಯ ಮಾರನೇ ದಿನ ಸ್ಟ್ರಾ ಇಳಿಸಿದ್ದು ಬಿಸಿ ಚಹಾದ ಬಟ್ಟಲಿಗೆ. ನಾಲಿಗೆ ಚುರ್ ಅಂದಿತು. ಸುರ್ ಸದ್ದಿಲ್ಲ, ಬಾಯಿಗೆ ಗಾಳಿಯಿಲ್ಲ. ಘಮಘಮಿಸುವ ಚಹಾವನ್ನು ಸಪ್ಪೆ ಅಂದುಬಿಟ್ಟ. ಮ್ಯಾನೇಜರ್ ಇಣುಕಿ, "ಏನ್ರೀ ಸುರ್ರಪ್ಪ, ಇವತ್ತು ಸದ್ದೇ ಇಲ್ಲ?" ಅಂದರು. ಕೈಯಲ್ಲಿದ್ದ ಸ್ಟ್ರಾ ನೋಡಿ ಆಫೀಸೆಲ್ಲ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಬಟ್ಟಲುಗಳ ಪಕ್ಕ ಬಾಯಿ ಮುಕ್ಕಳಿಸೋ ನೀರಿನ ಲೋಟ ಬಂತು.

ಕ್ಲೀನ್ ಮಾಡಿಸಿದ ಮೇಲೆ ಉಳಿದ ಹಲ್ಲುಗಳು ಬೆಳ್ಳಗಾದವು. ಆ ಒಂದು ಮಾತ್ರ ಡಾಕ್ಟರಮ್ಮ ಹೇಳಿದ ಹಾಗೇ ಕಂದು. ನಾಚಿಕೊಳ್ಳೋಕೆ ಅವನಿಗೆ ಅಷ್ಟು ಸಾಕಿತ್ತು. ಮದುವೆಯ ದಿನ ಫೋಟೋದವನು "ಸ್ವಲ್ಪ ನಗಿ ಸಾರ್" ಅಂದಷ್ಟೂ ತುಟಿ ಬಿಗಿಯಾಯಿತು, ಕೈ ಮೇಲಕ್ಕೆ ಬಂತು. ಮಗಳ ಮುಖ ಸಣ್ಣದಾಯಿತು.

ಆಗ ಬೀಗರು ಬಂದು, ಉಪಚಾರಕ್ಕೆ ಅಂತ ಚಹಾ ಕೈಗಿತ್ತರು. ಅಭ್ಯಾಸ ಎಲ್ಲಿ ಬಿಡುತ್ತೆ? ಇಡೀ ಹಾಲ್ ತಿರುಗಿ ನೋಡುವ ಹಾಗೆ ಸುರ್ರನೆ ಎಳೆದ. ಬಾಯೆಲ್ಲ ಆಡಿಸಿದ. ಉಗಿಯೋಕೆ ಅತ್ತಿತ್ತ ನೋಡಿದರೆ ಸುತ್ತಲೂ ಬೀಗರ ಕಡೆಯವರೇ. ಕಣ್ಣು ಮೇಲೆ ಮಾಡಿ ಗುಟುಕ್ಕನೆ ನುಂಗಿದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳನ್ನು ನೋಡಿ ಅವನಿಗೂ ತಡೆಯಲಾಗಲಿಲ್ಲ. ಒಂದು ಕೈಲಿ ಕಪ್ಪು, ಇನ್ನೊಂದರಲ್ಲಿ ಸಾಸರು. ಬಾಯಿಗೆ ಅಡ್ಡ ಇಡೋಕೆ ಕೈ ಎಲ್ಲಿತ್ತು? ಫೋಟೋದವನು ಆ ಗಳಿಗೆ ಬಿಡಲಿಲ್ಲ, ಕ್ಲಿಕ್ ಅನ್ನಿಸಿದ.

ಫೋಟೋ ಕೈಗೆ ಬಂದ ದಿನ, ಕಂದು ಹಲ್ಲು ಕಾಣುತ್ತಾ ಅಂತ ಹುಡುಕೋಕೆ ಕನ್ನಡಕ ಹಾಕಿಕೊಂಡ. ಮೊದಲು ಕಂಡದ್ದು ಮಗಳ ನಗು. ಕಣ್ಣು ತುಂಬಿಬಿಟ್ಟಿತು, ಹಲ್ಲು ಕಾಣಿಸಲೇ ಇಲ್ಲ.