ಟೈಪಿಂಗ್ ಅಕ್ಕೋರು ಮತ್ತು ಎಮ್ಮೆ ಕೂಗುವ ಫೋನು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ ಒಂದು ಬದಿಗೆ ಸವೆದಿತ್ತು. ವರ್ಷಗಟ್ಟಲೆ ಟೈಪ್‌ರೈಟರ್ ಬಡಿದ ಗುರುತು ಅದು. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಅವರ ಟೈಪಿಂಗ್ ಶಾಲೆಯಿತ್ತು; ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಯಾದಗಿರಿಯಿಂದ ಸುರಪುರದವರೆಗೆ ಯಾವ ಕಚೇರಿಗೆ ಹೋದರೂ ಅವರಿಂದ ಬೈಸಿಕೊಂಡು ಕಲಿತ ಗುಮಾಸ್ತನೊಬ್ಬ ಸಿಗುತ್ತಿದ್ದ. ಟೈಪ್‌ರೈಟರ್ ಕಾಲ ಮುಗಿದಾಗ ಅವರೇನು ತಲೆ ಮೇಲೆ ಕೈ ಹೊತ್ತು ಕೂಡಲಿಲ್ಲ. ಒಂದು ಕಂಪ್ಯೂಟರ್ ತಂದು, ಮೊಬೈಲಿಗೆ ರಿಂಗ್‌ಟೋನ್ ಮಾಡಿಕೊಡಲು ಶುರು ಮಾಡಿದರು.

ನಾನು ಆಗ ಕೆಂಭಾವಿ ಕಡೆ ಕಾಲುವೆಯ ಗೇಟ್ ನೋಡಿಕೊಳ್ಳುತ್ತಿದ್ದೆ. ಕಚೇರಿಯಿಂದ ಫೋನ್ ಬಂದ ಕೂಡಲೇ ಗೇಟ್ ಎತ್ತಬೇಕು, ಇಲ್ಲವೇ ಇಳಿಸಬೇಕು. ತಡವಾದರೆ ಕೆಳಗಿನ ಹೊಲಗಳಿಗೆ ನೀರು ನುಗ್ಗುತ್ತದೆ. ಎರಡು ಸಲ ಫೋನ್ ರಿಂಗಾದದ್ದು ನನಗೆ ಗೊತ್ತೇ ಆಗಲಿಲ್ಲ. ಎರಡನೇ ಸಲ ಒಬ್ಬರ ಶೇಂಗಾ ಅರ್ಧ ಮುಳುಗಿತು. ಇನ್ನೊಮ್ಮೆ ಹೀಗಾದರೆ ನಿನ್ನನ್ನು ಗೇಟಿನಿಂದ ತೆಗೆಯುತ್ತೇನೆ ಎಂದರು ಕಚೇರಿಯ ಸಾಹೇಬರು. ನಾನು ಫೋನಿಗೆ ಬೈದೆ, ಫೋನ್ ಬದಲಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂಥ ಗಿರಾಕಿ ನಾನು.

ಕೊನೆಗೆ ಅಕ್ಕೋರ ಬಳಿ ಹೋದೆ. ಮದುವೆಯೊಂದರಲ್ಲಿ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದ ಹಲಗೆ ವಾದ್ಯದ ಬಡಿತವನ್ನು ರಿಂಗ್‌ಟೋನ್ ಮಾಡಿಕೊಡಿ ಎಂದೆ. ಅವರ ಸಾಫ್ಟ್‌ವೇರ್ ಆ ಫೈಲನ್ನು ತೆರೆಯಲೇ ಇಲ್ಲ.

"ಇದಕ್ಕ ಹೊರಗಿಂದ ಕೋಡೆಕ್ ತಂದು ಹಾಕಬೇಕ್ರಿ," ಎಂದರು. ಹಂಗಂದ್ರ ಏನ್ರಿ ಎಂದೆ ನಾನು. "ಸಾಹೇಬಗ ನಿಮ್ಮ ಭಾಷಾ ತಿಳಿಯಂಗಿಲ್ಲ ಅಂದ್ರ ಬಾಜೂಕ ಒಬ್ಬ ದುಭಾಷಿನ ಕೂಡಸ್ತಾರಲ್ಲ, ಹಂಗ."

ಮರುದಿನ ಯಾದಗಿರಿಯಿಂದ ಪೆನ್‌ಡ್ರೈವಿನಲ್ಲಿ ಅದನ್ನು ತರಿಸಿ ಹಾಕಿದರು. ಕಂಪ್ಯೂಟರ್ ಮತ್ತೆ ಏನೋ ತಕರಾರು ತೆಗೆಯಿತು. ಬಂದ್ ಮಾಡಿ ಬಿಡ್ರಿ ಎಂದು ನಾನು ಚಡಪಡಿಸಿದೆ. ಅವರು ತೆರೆಯ ಮೇಲಿದ್ದುದನ್ನು ಬೆರಳಿಟ್ಟು ಒಂದೊಂದೇ ಪದವಾಗಿ ಓದಿದರು. "ಮಷೀನ್ ಬೈದ್ರ ಪೂರಾ ಓದಬೇಕ್ರಿ. ಅರ್ಧಾ ಓದಿ ಸಿಟ್ಟಿಗೆ ಬರಬಾರದು." ಕೋಡೆಕ್ ಇದ್ದದ್ದು ಒಂದು ಫೋಲ್ಡರಿನಲ್ಲಿ, ಸಾಫ್ಟ್‌ವೇರ್ ಹುಡುಕುತ್ತಿದ್ದದ್ದು ಇನ್ನೊಂದರಲ್ಲಿ. ಅಲ್ಲಿಂದ ತೆಗೆದು ಇಲ್ಲಿಟ್ಟರು, ಸೆಟ್ಟಿಂಗಿನಲ್ಲಿ ಅದರ ಜಾಗ ತೋರಿಸಿದರು. ಹಲಗೆಯ ಸದ್ದು ಅಂಗಡಿ ತುಂಬ ಮೊಳಗಿತು.

ಆದರೆ ಪರೀಕ್ಷೆ ಮಾಡದೆ ಯಾರಿಗೂ ರಿಂಗ್‌ಟೋನ್ ಕೊಡುವವರಲ್ಲ ಅವರು. ಗಿರಾಕಿ ರಸ್ತೆ ದಾಟಿ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಹೋಗಿ, ಫೋನನ್ನು ಗಾಡಿಯ ಮೇಲಿಟ್ಟು, ಬೆನ್ನು ತಿರುಗಿಸಿ ನಿಲ್ಲಬೇಕು. ಇವರು ಅಂಗಡಿಯಿಂದ ಫೋನ್ ಹಚ್ಚುತ್ತಿದ್ದರು. ನಾನು ನಿಂತೆ, ನಿಂತೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕೋರು ತಾವೇ ರಸ್ತೆ ದಾಟಿ ಬಂದು ನನ್ನೆದುರು ನಿಂತರು.

"ಮೂರು ಸಲ ರಿಂಗ್ ಆತ್ರಿ. ಗಾಡಿಯವ ಮೂರೂ ಸಲ ತಿರುಗಿ ನೋಡ್ದ. ಫೋನ್ ಚೊಲೋ ಅದ. ಕಿವಿ ತೋರಸ್ರಿ."

"ನನ್ನ ಕಿವಿ ನನಗ ಗೊತ್ತಿಲ್ಲೇನ್ರಿ?" ಎಂದು ರೇಗಿದೆ. ಕಣ್ಣಲ್ಲಿ ನೀರು ಬಂದಿತ್ತು. ಕಿವಿ ಮಂದವಾಗಿದೆಯೆಂದು ಗೊತ್ತಿತ್ತು ನನಗೆ, ವರ್ಷದಿಂದ ಗೊತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆಂಬ ಭಯ.

ಅವರು ವಾದಕ್ಕಿಳಿಯಲಿಲ್ಲ. ಸಂಜೆಯವರೆಗೆ ನನ್ನನ್ನು ಗಾಡಿಯ ಬಳಿ ನಿಲ್ಲಿಸಿ ಒಂದೊಂದೇ ಸದ್ದು ಹಾಕಿ, ಯಾವುದು ನನ್ನ ಕಿವಿಗೆ ಬೀಳುತ್ತದೆಂದು ನೋಡಿದರು. ಕೊನೆಗೆ ಅಂಗಡಿ ಹಿಂದೆ ಕಟ್ಟಿದ್ದ ಎಮ್ಮೆಯ ಕೂಗನ್ನು ತಮ್ಮ ಫೋನಿನಲ್ಲಿ ಹಿಡಿದು, ಅದೇ ಕೋಡೆಕ್ಕಿನಿಂದ ತೆರೆದು, ಕತ್ತರಿಸಿ, ದನಿ ಏರಿಸಿ ಹಾಕಿದರು. ಥಟ್ಟನೆ ತಿರುಗಿದೆ. ಗಾಡಿಯವನು ಬಿದ್ದು ಬಿದ್ದು ನಕ್ಕ.

ನನ್ನ ಫೋನನ್ನು ಮಾತ್ರ ಅಕ್ಕೋರು ಕೈಗೆತ್ತಿಕೊಂಡು ತಮ್ಮಲ್ಲೇ ಇಟ್ಟುಕೊಂಡರು. "ಮೊದಲ ಸಾಹೇಬ್ರಿಗೆ ಕಿವಿ ಸುದ್ದಿ ಹೇಳಿ ಬರ್ರಿ, ಆಮ್ಯಾಲ ಒಯ್ರಿ. ನೌಕರಿ ನಿಮ್ದು ಒಬ್ಬರದು, ಕೆಳಗ ಹೊಲ ಎಷ್ಟೋ ಮಂದಿವು."

ಹೋಗಿ ಹೇಳಿದೆ. ಸಾಹೇಬರು ಗೇಟಿಗೆ ಇನ್ನೊಬ್ಬನನ್ನು ಜೊತೆಗೆ ಹಾಕಿದರು. ಕೆಲಸ ಉಳಿಯಿತು. ಕಚೇರಿಯವರು ನನ್ನನ್ನು ಎಮ್ಮೆ ಮಾಮಾ ಎಂದು ಕರೆದರು, ಕರೆಯಲಿ ಬಿಡಿ.

ನಿವೃತ್ತನಾದ ವಾರ ಪೇಡೆ ತೆಗೆದುಕೊಂಡು ಶಹಾಪುರಕ್ಕೆ ಹೋದೆ. ಬಾಗಿಲಿಗೆ ಬೀಗವಿತ್ತು. ಅಕ್ಕೋರು ತೀರಿಕೊಂಡು ಹದಿನೈದು ದಿನವಾಯಿತೆಂದು ಕಬ್ಬಿನ ಹಾಲಿನ ಗಾಡಿಯವನು ಹೇಳಿದ. ಆ ಬಾಗಿಲ ಮುಂದೆ ನಿಂತು, ಅವರಿಗೆ ಹೇಳಬೇಕೆಂದು ಬಂದದ್ದನ್ನು ಹೇಳಿಯೇ ಬಿಟ್ಟೆ: "ಅಕ್ಕೋರ, ಆವತ್ತಿಂದ ನನ್ನ ಗೇಟಿನ ಕೆಳಗ ಒಂದ ಹೊಲಾನೂ ಮುಳುಗಿಲ್ರಿ."